ವಿದ್ಯೆಯೂ ಪ್ರಸಾದವೇ

ಕನ್ನಡ ನಾಡಿನ ಅನೇಕ ಊರುಗಳಲ್ಲಿ ಬಡ ವಿದ್ಯಾರ್ಥಿಗಳು ಇದ್ದು, ಉಂಡು, ಓದುವ ಮನೆಗಳಿಗೆ ‘ಪ್ರಸಾದನಿಲಯ’ವೆಂದು ಹೆಸರು. ಇಂಥ ಮನೆಯನ್ನು ಬೇರೆಡೆಗಳಲ್ಲಿ ವಸತಿಗೃಹವೆಂದೂ ಛಾತ್ರಾಲಯವೆಂದೂ ಕರೆಯುವುದುಂಟು. ಆ ಹೆಸರುಗಳು ಹುಡುಗನು ಎಲ್ಲಿ ವಾಸಿಸುವನೆಂಬುದನ್ನು ತಿಳಿಸಿ ಸುಮ್ಮನಾಗುತ್ತವೆ. ಪ್ರಸಾದನಿಲಯವೆಂಬ ಹೆಸರಾದರೋ ಅವನು ಅಲ್ಲಿ ಸ್ವೀಕರಿಸುವುದು ಏನು, ಅದನ್ನು ಯಾವ ಭಾವದಿಂದ ಸ್ವೀಕರಿಸತಕ್ಕುದು ಎಂಬುದನ್ನೂ ತಿಳಿಸುತ್ತದೆ. ಅಲ್ಲಿ ಉಂಡ ಅನ್ನವು ಪ್ರಸಾದವಾದರೆ, ಆ ಅನ್ನದ ಬಲದಿಂದ ಕಲಿತ ಅಕ್ಷರವು ಏನಾಗುವುದು? ಇದು ಗೃಹಸ್ಥರೆಲ್ಲರೂ ವಿಚಾರಿಸಬೇಕಾದ ಪ್ರಶ್ನೆಯಾಗಿದೆ.

ಈ ವಿಚಾರಕ್ಕೆ ಈ ಕಾಲದಲ್ಲಿ ವಿಶೇಷ ಕಾರಣವೂ ಉಂಟು. ಮಕ್ಕಳ ಓದಿಗಾಗಿ ಹೊಲವನ್ನು ಒತ್ತೆಯಿಡುವ ತಂದೆಯರೂ, ಮೈಮೇಲಿನ ಬಂಗಾರವನ್ನು ಮಾರುವ ತಾಯಂದಿರೂ ಊರೂರಿನಲ್ಲಿ ಇರುವರು. ಮಗನು ಪದವಿ ಪಡೆದು ದೂರದ ನಗರಕ್ಕೋ ಪರದೇಶಕ್ಕೋ ಹೋಗುವನು. ಅದು ಸಂತೋಷದ ಸಂಗತಿಯೇ. ಆದರೆ ಹಬ್ಬಕ್ಕೆ ಬಂದ ಆ ಮಗನೇ ಗೆಳೆಯರ ಎದುರಿಗೆ ತಂದೆಯ ಒರಟು ಕೈಯನ್ನು ಕಂಡು ನಾಚಿಕೊಂಡರೆ, ಆ ತಂದೆಗೆ ಆಗುವ ನೋವನ್ನು ಬಾಯಿಂದ ಹೇಳಲಾಗದು. ಇನ್ನೊಂದು ಮನೆಯಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಗಳು ಅನ್ನವನ್ನು ಮುಟ್ಟದೆ ಮೂಲೆಯಲ್ಲಿ ಕುಳಿತಿರುವಳು. ಸೂತಕವನ್ನೊಪ್ಪದ ಆ ಮನೆಯಲ್ಲಿ ಸೂತಕದ ಮೌನವು ನೆಲಸಿರುವುದು. ಒಂದು ಮನೆಯಲ್ಲಿ ವಿದ್ಯೆ ಬಂದಿತು, ಇನ್ನೊಂದರಲ್ಲಿ ಬಾರದೆ ಹೋಯಿತು. ದುಃಖವು ಮಾತ್ರ ಎರಡರಲ್ಲಿಯೂ ಉಂಟು. ಏಕೆಂದರೆ ಎರಡು ಮನೆಗಳಲ್ಲಿಯೂ ವಿದ್ಯೆಯನ್ನು ಸಂತೆಯಿಂದ ಕೊಂಡು ತರುವ ಸರಕೆಂದೇ ಭಾವಿಸಲಾಗಿದೆ. ಸರಕಿಗೆ ಬೆಲೆ ಬಂದಲ್ಲಿ ಗರ್ವ, ಬೆಲೆ ಬಾರದಲ್ಲಿ ಅವಮಾನ.

ಪ್ರಸಾದಶಬ್ದದ ಅರ್ಥ

ಅಷ್ಟಾವರಣಗಳಲ್ಲಿ ಗುರು, ಲಿಂಗ, ಜಂಗಮಗಳು ಪೂಜ್ಯವೆಂದೂ, ವಿಭೂತಿ, ರುದ್ರಾಕ್ಷ, ಮಂತ್ರಗಳು ಪೂಜೆಗೆ ಸಾಧನವೆಂದೂ, ಪಾದೋದಕ ಪ್ರಸಾದಗಳು ಅದರ ಫಲವೆಂದೂ ಹಿರಿಯರು ವಿಂಗಡಿಸಿರುವರು. ಷಟ್‌ಸ್ಥಲಗಳಲ್ಲಿಯೂ ಭಕ್ತ, ಮಾಹೇಶ್ವರಗಳ ತರುವಾಯ ಮೂರನೆಯದಾಗಿ ಪ್ರಸಾದಿಸ್ಥಲವು ಬರುತ್ತದೆ. ಆದುದರಿಂದ ಪ್ರಸಾದವೆಂಬುದು ಊಟದ ಹೊತ್ತಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಸಾಧಕನ ಬಾಳಿನ ಒಂದು ಮುಖ್ಯವಾದ ಮೆಟ್ಟಿಲು ಅದು.

ಸಂಸ್ಕೃತದಲ್ಲಿ ಪ್ರಸಾದವೆಂಬ ಶಬ್ದಕ್ಕೆ ಅನುಗ್ರಹವೆಂಬ ಅರ್ಥದೊಡನೆ ಪ್ರಸನ್ನತೆ, ಸ್ವಚ್ಛತೆ ಎಂಬ ಅರ್ಥಗಳೂ ಉಂಟು. ಕದಡಿದುದು ತಳಕ್ಕಿಳಿದು ಮೇಲಿನದು ನಿರ್ಮಲವಾಗುವುದೇ ಪ್ರಸನ್ನತೆ. ಕನ್ನಡದಲ್ಲಿ ಇದಕ್ಕೆ ಸರಿಹೊಂದುವ ಮಾತು ‘ತಿಳಿ’. ಕೆಸರಿಳಿದ ನೀರು ತಿಳಿನೀರು. ಸಂಶಯವಿಳಿದ ಮನಸ್ಸಿನಲ್ಲಿ ಇರುವುದು ತಿಳಿವು. ತಿಳಿಯಾಗುವುದಕ್ಕೂ ತಿಳಿಯುವುದಕ್ಕೂ ಕನ್ನಡಿಗರು ಒಂದೇ ಮಾತನ್ನು ಬಳಸಿರುವುದು ಚಿಂತನೀಯವಾಗಿದೆ. ಎಷ್ಟು ಓದಿದರೂ ಮನಸ್ಸು ಕದಡಿಯೇ ಇದ್ದರೆ ಅದು ತಿಳಿದುದಾಗಲಾರದು. ಹೀಗೆ ಪ್ರಸಾದ, ತಿಳಿವು ಎಂಬ ಎರಡು ಮಾತುಗಳೂ ಅರ್ಥದಲ್ಲಿ ಒಂದೆಡೆಗೆ ಬಂದು ಸೇರುತ್ತವೆ.

ಇನ್ನೊಂದು ಭೇದವನ್ನು ಗಮನಿಸಬೇಕು. ಲಿಂಗಕ್ಕೆ ಅರ್ಪಿತವಾಗುವ ಮುನ್ನ ಅದು ಪದಾರ್ಥ. ಅರ್ಪಿತವಾದ ಮೇಲೆ ಪ್ರಸಾದ. ಅಕ್ಕಿ ಅದೇ, ಬೆಲ್ಲ ಅದೇ, ತೂಕವೂ ಅದೇ. ಹಾಗಾದರೆ ಬದಲಾದುದು ಯಾವುದು? ಉಣ್ಣುವವನಿಗೂ ಅನ್ನಕ್ಕೂ ಇದ್ದ ಸಂಬಂಧವು ಬದಲಾಯಿತು. ‘ಇದು ನನ್ನದು’ ಎಂಬ ಭಾವವು ಅಳಿದು ‘ಇದು ನನಗೆ ದೊರೆತುದು’ ಎಂಬ ಭಾವವು ಉಳಿಯಿತು. ವಿದ್ಯೆಯ ವಿಷಯದಲ್ಲಿಯೂ ಹೀಗೆಯೇ. ಗಣಿತ, ವೈದ್ಯ, ನ್ಯಾಯಶಾಸ್ತ್ರ, ಯಂತ್ರವಿದ್ಯೆ ಮೊದಲಾದುವುಗಳು ಕಲಿಯುವವನ ಕೈಯಲ್ಲಿ ಪದಾರ್ಥವಾಗಿಯೇ ಉಳಿಯಬಹುದು, ಪ್ರಸಾದವೂ ಆಗಬಹುದು. ಪುಸ್ತಕವು ಅದೇ ಆಗಿದ್ದರೂ ಬಾಳು ಬೇರೆಯಾಗುತ್ತದೆ.

ಪ್ರಸಾದಕ್ಕೆ ಮನೆಮನೆಯಲ್ಲಿ ಪಾಲಿಸುತ್ತ ಬಂದ ಕಟ್ಟಳೆಗಳು ಉಂಟು. ಬಾಗಿ ಸ್ವೀಕರಿಸಬೇಕು, ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕು, ನೀಡಿಸಿಕೊಂಡುದನ್ನು ಚೆಲ್ಲಬಾರದು, ಅದನ್ನು ಮಾರಬಾರದು, ಪಂಕ್ತಿಯಲ್ಲಿ ಒಬ್ಬನಿಗೆ ಬಡಿಸಿ ಇನ್ನೊಬ್ಬನಿಗೆ ತಪ್ಪಿಸಬಾರದು. ಉಂಡ ತಾಟನ್ನು ತೊಳೆದು ಆ ನೀರನ್ನೂ ಸೇವಿಸುವ ಭಕ್ತರು ಇರುವರು. ಅನ್ನದ ಒಂದು ಅಗುಳಿನ ವಿಷಯದಲ್ಲಿ ಇಷ್ಟು ಎಚ್ಚರವನ್ನು ಕಲಿಸಿದ ಮನೆಯು ಅಕ್ಷರದ ವಿಷಯದಲ್ಲಿ ಎಚ್ಚರ ತಪ್ಪುವುದು ಸರಿಯಲ್ಲ.

ಪ್ರಸಾದವನ್ನು ಶುದ್ಧಪ್ರಸಾದ, ಸಿದ್ಧಪ್ರಸಾದ, ಪ್ರಸಿದ್ಧಪ್ರಸಾದವೆಂದು ಮೂರು ವಿಧವಾಗಿ ಹೇಳುವರು. ಗುರುವಿನಿಂದ ಬಂದುದು ಶುದ್ಧ, ಲಿಂಗದಿಂದ ಬಂದುದು ಸಿದ್ಧ, ಜಂಗಮದಿಂದ ಬಂದುದು ಪ್ರಸಿದ್ಧ. ಈ ಮೂರನ್ನು ಮೂರು ಮೆಟ್ಟಿಲುಗಳೆಂದು ತಿಳಿದು ವಿದ್ಯೆಯ ವಿಚಾರವನ್ನು ಮುಂದುವರಿಸಬಹುದು.

ಮೊದಲನೆಯದು: ಪಡೆಯುವಿಕೆ

ಗುರುವಿನಿಂದ ಪಡೆದ ವಿದ್ಯೆಗೆ ಬೆಲೆ ಕೊಟ್ಟೆನೆಂದು ಯಾರೂ ಹೇಳಲಾರರು. ಶುಲ್ಕವನ್ನು ಕಟ್ಟಿರಬಹುದು, ಆದರೆ ಅಕ್ಷರವನ್ನು ಮೊದಲು ಕಂಡುಹಿಡಿದವನಿಗೆ, ಸೊನ್ನೆಯನ್ನು ಕಲ್ಪಿಸಿದವನಿಗೆ, ತಾನು ಅರೆಹೊಟ್ಟೆಯಲ್ಲಿದ್ದು ಓಲೆಗರಿಯನ್ನು ಪ್ರತಿ ಮಾಡಿದ ಲಿಪಿಕಾರನಿಗೆ ಶುಲ್ಕ ಕಟ್ಟಿದವರು ಯಾರು? ಕೈಗೆ ಬಂದ ವಿದ್ಯೆಯಲ್ಲಿ ಬಹುಭಾಗವು ಹೆಸರೂ ಅರಿಯದ ಹಿಂದಿನವರ ದಾನವೇ ಆಗಿದೆ.

ಹೆಸರು ತಿಳಿದ ದಾನಿಗಳೂ ಉಂಟು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗಾಗಿ ಮೃತ್ಯುಪತ್ರದ ಮೂಲಕ ಬಿಟ್ಟುಕೊಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಏಳು ಮಂದಿಯನ್ನು ಜನರು ಸಪ್ತರ್ಷಿಗಳೆಂದು ಕರೆದರು. ಸ್ವಂತದ ಏಳಿಗೆಯನ್ನು ಬದಿಗಿರಿಸಿ ಅವರು ಶಾಲೆಯನ್ನು ಕಟ್ಟಿದರು. ಆ ಸಂಸ್ಥೆಯು 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಡಲಾಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿಮತಗಳನ್ನು ಎಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡುತ್ತ ಬಂದಿರುವುದು ಸರ್ವವಿದಿತವಾಗಿದೆ. ಆ ಮಠದ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ತಮ್ಮ ನೂರ ಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮಕ್ಕಳು ಹಸಿದಿರಬಾರದೆಂಬ ಅವರ ಇಚ್ಛೆಯಂತೆ, ಮಕ್ಕಳ ಪ್ರಸಾದವು ಮುಗಿದ ಮೇಲೆಯೇ ಆ ವಾರ್ತೆಯನ್ನು ಪ್ರಕಟಿಸಲಾಯಿತು. ಗುರುವಿನ ಕೊನೆಯ ಪಾಠವು ಅನ್ನದ ಪಂಕ್ತಿಯಲ್ಲಿಯೇ ನಡೆದುದು ಹೀಗೆ.

ಇಂಥ ದೊಡ್ಡ ಕಾರ್ಯಗಳ ಹಿಂದೆ ಹೆಸರು ಕಾಣದ ಕೈಗಳೂ ಇರುತ್ತವೆ. ರಾಶಿಯ ದಿನ ಮಠದ ಮಕ್ಕಳಿಗೆಂದು ಜೋಳವನ್ನೋ ರಾಗಿಯನ್ನೋ ಅಳೆದು ಬೇರೆಯಿಟ್ಟ ಒಕ್ಕಲಿಗನು ಯಾವ ಹುಡುಗನು ಅದನ್ನು ಉಣ್ಣುವನೆಂದು ಕೇಳಲಿಲ್ಲ. ಸರಕಾರದ ಶಾಲೆಯಲ್ಲಿ ಓದಿದವನೂ ಈ ಋಣದಿಂದ ಹೊರಗಾದವನಲ್ಲ. ಬೆಂಕಿಪೊಟ್ಟಣವನ್ನು ಕೊಳ್ಳುವ ಕೂಲಿಯವಳೂ ತೆರಿಗೆಯನ್ನು ತೆರುವಳು. ಅವಳ ಆ ಕಾಸು ಸೇರಿಯೇ ಕಾಲೇಜಿನ ಪ್ರಯೋಗಶಾಲೆಯಲ್ಲಿ ದೀಪವು ಉರಿಯುವುದು. ಪಡೆದವನು ಕೊಟ್ಟವರನ್ನು ಮರೆಯದಿರುವುದೇ ವಿದ್ಯೆಯ ಶುದ್ಧಿ.

ಎರಡನೆಯದು: ಅರಗಿಸಿಕೊಳ್ಳುವಿಕೆ

ಉಂಡ ಅನ್ನವು ಹೊಟ್ಟೆಯಲ್ಲಿ ಅನ್ನವಾಗಿಯೇ ಉಳಿದರೆ ಅದು ರೋಗ; ರಕ್ತವಾಗಿ ಮೈಯಲ್ಲಿ ಹರಿದರೆ ಬಲ. ಓದು ಹಾಗೆಯೇ ಅರಿವಾಗಬೇಕು, ಅರಿವು ಆಚಾರವಾಗಬೇಕು. ಇದು ಹೊರಗಿನವರು ಮಾಡಿಕೊಡಬಹುದಾದ ಕೆಲಸವಲ್ಲ. ಕರಸ್ಥಲದ ಲಿಂಗವನ್ನು ನಿರೀಕ್ಷಿಸುವಾಗ ಪ್ರತಿಯೊಬ್ಬನೂ ತನ್ನೊಳಗೆ ತಾನೇ ಇರುವಂತೆ, ಕಲಿತುದನ್ನು ತನ್ನದಾಗಿ ಮಾಡಿಕೊಳ್ಳುವ ಶ್ರಮವನ್ನೂ ಪ್ರತಿಯೊಬ್ಬನು ತಾನೇ ಪಡಬೇಕಾಗುತ್ತದೆ.

ಶರಣರು ಶಾಸ್ತ್ರವಿದ್ಯೆಯನ್ನು ಹಳಿದರೆಂದು ಕೆಲವರು ಹೇಳುವುದುಂಟು. ಅದು ಪೂರ್ಣಸತ್ಯವಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕವನ್ನು ನಿರ್ವಹಿಸಿದವರು. ಚೆನ್ನಬಸವಣ್ಣನವರು ಷಟ್‌ಸ್ಥಲಶಾಸ್ತ್ರವನ್ನು ವಿಸ್ತರಿಸಿ ನಿರೂಪಿಸಿದವರು. ಉರಿಲಿಂಗಪೆದ್ದಿಗಳು ಮೇಲುಕುಲವೆನಿಸಿಕೊಂಡವರಲ್ಲಿ ಹುಟ್ಟಿದವರಲ್ಲದಿದ್ದರೂ ಅವರ ವಚನಗಳಲ್ಲಿ ಸಂಸ್ಕೃತದ ಪ್ರಮಾಣವಾಕ್ಯಗಳು ಹೇರಳವಾಗಿವೆ. ಶರಣರು ನಿರಾಕರಿಸಿದುದು ನಾಲಗೆಯ ಮೇಲೆಯೇ ನಿಂತುಹೋದ ಓದನ್ನು. ಓದಿದವನಿಗೆ ‘ಏನನ್ನು ಬಲ್ಲೆ’ ಎಂದು ಕೇಳಿ ಅವರು ತೃಪ್ತರಾಗಲಿಲ್ಲ. ‘ಹೇಗೆ ನಡೆಯುವೆ’ ಎಂದೂ ಕೇಳಿದರು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಶರಣಚರಿತ್ರೆಗಳಲ್ಲಿ ಪ್ರಸಿದ್ಧವಾದುದು. ಪತಿಯಾದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ತಮಗೆ ಸಲ್ಲದೆಂದು ಆಕೆಯು ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಆ ತಾಯಿಯು ಯಾವ ಪಾಠಶಾಲೆಗೂ ಹೋದವಳೆಂದು ಕಥೆಯು ಹೇಳುವುದಿಲ್ಲ. ‘ಇಷ್ಟು ಸಾಕು’ ಎಂಬ ಒಂದು ಮಾತನ್ನು ಆಕೆಯು ಬಲ್ಲವಳಾಗಿದ್ದಳು. ಅನೇಕ ಶಾಸ್ತ್ರಗಳನ್ನು ಕಲಿತವನು ಈ ಒಂದು ಮಾತನ್ನು ಕಲಿಯದಿದ್ದರೆ ಅವನ ಓದು ಇನ್ನೂ ಅರಗಿಲ್ಲವೆಂದೇ ತಿಳಿಯಬೇಕು.

ತಂದೆಯ ಕೈಯನ್ನು ಕಂಡು ನಾಚುವ ಮಗನ ವಿದ್ಯೆಯೂ ಅರಗದ ವಿದ್ಯೆಯೇ. ಕಲ್ಯಾಣದಲ್ಲಿ ಕುಳಿತು ತತ್ತ್ವವಿಚಾರ ಮಾಡಿದವರು ಯಾರು? ಬಟ್ಟೆ ಒಗೆದ ಮಾಚಯ್ಯ, ದೋಣಿ ನಡೆಸಿದ ಚೌಡಯ್ಯ, ಬುಟ್ಟಿ ಹೆಣೆದ ಕೇತಯ್ಯ, ಹಗ್ಗ ಹೊಸೆದ ಚಂದಯ್ಯ, ಕಸ ಗುಡಿಸಿದ ಸತ್ಯಕ್ಕ, ನೂಲು ತೆಗೆದ ರೆಮ್ಮವ್ವೆ. ಇವರ ಹೆಸರಿನೊಡನೆ ಇವರ ಕಾಯಕವೂ ಎಂಟು ನೂರು ವರ್ಷಗಳಿಂದ ಗೌರವದೊಡನೆ ಉಳಿದು ಬಂದಿದೆ. ದುಡಿಯುವ ಕೈಯನ್ನೂ ಅರಿಯುವ ಮನಸ್ಸನ್ನೂ ಬೇರ್ಪಡಿಸದಿದ್ದುದೇ ಆ ಕಾಲದ ವಿದ್ಯಾಭ್ಯಾಸದ ಹಿರಿಮೆ. ಆ ಪರಂಪರೆಯ ಮನೆಯಲ್ಲಿ ನೇಗಿಲ ಕೈಗೆ ನಾಚುವ ಪದವೀಧರನು ತನ್ನ ಮನೆಯ ಮೊದಲನೆಯ ಪಾಠವನ್ನೇ ಮರೆತಂತಾಗುವುದು.

ಪರೀಕ್ಷೆಯಲ್ಲಿ ಸೋತ ಮಗುವಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಪ್ರಸಾದದ ಪಂಕ್ತಿಯಲ್ಲಿ ಒಬ್ಬನು ಹೆಚ್ಚು ಉಣ್ಣುವನು, ಒಬ್ಬನು ಕಡಮೆ ಉಣ್ಣುವನು. ಕಡಮೆ ಉಂಡವನನ್ನು ಪಂಕ್ತಿಯಿಂದ ಎಬ್ಬಿಸುವರೇ? ಅಂಕಗಳು ಒಂದು ದಿನದ ಮೂರು ಗಂಟೆಯ ಬರವಣಿಗೆಯ ತೂಕವನ್ನು ತಿಳಿಸಬಹುದು. ಮಗುವಿನ ತೂಕವನ್ನು ತಿಳಿಸುವ ಶಕ್ತಿಯು ಅವಕ್ಕಿಲ್ಲ. ಸೋತ ಮಗುವಿಗೆ ಆ ರಾತ್ರಿ ತಾಯಿಯು ತನ್ನ ಪಕ್ಕದಲ್ಲಿ ಕುಳ್ಳಿರಿಸಿ ಬಡಿಸುವ ಅನ್ನವು ಯಾವ ಉಪದೇಶಕ್ಕಿಂತಲೂ ದೊಡ್ಡದು. ಮನೆಯ ಪಂಕ್ತಿಯಲ್ಲಿ ತನ್ನ ಸ್ಥಳವು ಭದ್ರವಾಗಿದೆಯೆಂದು ತಿಳಿದ ಮಗುವು ಮರಳಿ ಓದಲು ಏಳುವುದು.

ಮೂರನೆಯದು: ನೀಡುವಿಕೆ

ಪಡೆದು ಅರಗಿಸಿಕೊಂಡ ವಿದ್ಯೆಯು ಜಂಗಮಕ್ಕೆ, ಎಂದರೆ ಚಲಿಸುವ ಜೀವಲೋಕಕ್ಕೆ ಸಲ್ಲಬೇಕು. ಇದೇ ದಾಸೋಹ. ದಾನಿಯು ಮೇಲೆ ನಿಂತು ಕೊಡುವನು. ದಾಸೋಹಿಯು ಬಾಗಿ ಸಲ್ಲಿಸುವನು. ವಿದ್ಯೆಯ ದಾಸೋಹವು ಹೇಗಿರುವುದೆಂಬುದಕ್ಕೆ ಇಬ್ಬರ ಚರಿತ್ರೆಯನ್ನು ನೋಡಿದರೆ ಸಾಕು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಅವರ ತಂದೆ ಶಿಕ್ಷಕರು. ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾನೂನಿನ ಪದವಿ ಪಡೆದು, ಇಂದಿನ ವಿಜಯಪುರವಾದ ವಿಜಾಪುರದಲ್ಲಿ ವಕೀಲಿಯನ್ನು ನಡೆಸಿದರು. ಆ ವೃತ್ತಿಯಲ್ಲಿ ಧನವನ್ನು ಗಳಿಸುವುದು ಅವರಿಗೆ ಕಷ್ಟವಾಗಿರಲಿಲ್ಲ. ಆದರೆ ಅವರು ಮನೆಮನೆಗಳಲ್ಲಿ, ಮಠಗಳಲ್ಲಿ, ಜಗುಲಿಯ ಮೇಲಿನ ಗಂಟುಗಳಲ್ಲಿ ಮರೆತು ಬಿದ್ದಿದ್ದ ಓಲೆಗರಿಗಳ ಬೆನ್ನು ಹತ್ತಿದರು. ದಾಖಲೆಯನ್ನು ಹುಡುಕುವುದು, ಒಂದು ಪಾಠವನ್ನು ಇನ್ನೊಂದರೊಡನೆ ಹೋಲಿಸುವುದು, ಸಾಕ್ಷ್ಯವನ್ನು ತೂಗಿ ನೋಡುವುದು ವಕೀಲನ ವಿದ್ಯೆ. ಅದೇ ವಿದ್ಯೆಯನ್ನು ಅವರು ಶರಣರ ಮಾತಿನ ಉದ್ಧಾರಕ್ಕೆ ಸಲ್ಲಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಹೊರಬಂದಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. ಅದಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ತೊಡಗಿದರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1964ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ, ಹಿಂದೆ ಹೆಸರೇ ಕೇಳದಿದ್ದ ಅನೇಕಾನೇಕ ವಚನಕಾರರು ಕನ್ನಡಿಗರಿಗೆ ಪರಿಚಿತರಾಗಿದ್ದರು. ಮುಂದೆ 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿದಾಗ, ಆ ಮಹಾಮನೆಯ ಅಡಿಗಲ್ಲು ಎಲ್ಲಿದ್ದಿತೆಂಬುದನ್ನು ತಿಳಿದವರು ಬಲ್ಲರು. ಮನೆಯನ್ನು ಮಾರಿದ ಒಬ್ಬರಿಂದ ಲಕ್ಷಾಂತರ ಮನೆಗಳಿಗೆ ವಚನದ ಪುಸ್ತಕವು ಬಂದಿತು.

ಇನ್ನೊಬ್ಬರು ಗದುಗಿನ ಪಂಚಾಕ್ಷರ ಗವಾಯಿಗಳು. 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅವರಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಆ ಬಾಲಕನನ್ನು ಕರೆದುಕೊಂಡು ಸಂಗೀತವನ್ನು ಕಲಿಸಿದರು. ಹಿಂದುಸ್ತಾನಿ, ಕರ್ನಾಟಕ ಎರಡು ಪದ್ಧತಿಗಳಲ್ಲಿಯೂ ಪಾರಂಗತರಾದ ಗವಾಯಿಗಳು ತಮ್ಮ ಹಾಡಿನಿಂದ ಕೀರ್ತಿಯನ್ನು ಮಾತ್ರ ಸಂಪಾದಿಸಿ ಸುಖವಾಗಿರಬಹುದಾಗಿತ್ತು. ಅವರು ಕುರುಡ ಮಕ್ಕಳನ್ನೂ ಬಡ ಮಕ್ಕಳನ್ನೂ ಕೂಡಿಸಿಕೊಂಡು ಊರೂರು ಅಲೆಯುತ್ತ ಸಂಗೀತದ ಪಾಠವನ್ನು ನಡೆಸಿದರು. ಅವರ ಆ ಪಾಠಶಾಲೆಯು ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ, ಕಣ್ಣಿಲ್ಲದ ಇನ್ನೊಬ್ಬ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಆ ಕಾಯಕವನ್ನು ಮುಂದುವರಿಸಿದರು. ಒಂದು ಕೈಯಿಂದ ಪಡೆದುದನ್ನು ಇನ್ನೊಂದು ಕೈಗೆ ದಾಟಿಸಿದ ಈ ಪರಂಪರೆಯಲ್ಲಿ ವಿದ್ಯೆಯು ಎಲ್ಲಿಯೂ ಚೆಲ್ಲಿಹೋಗಲಿಲ್ಲ.

ಒಂದು ಶಂಕೆ ಮತ್ತು ಸಮಾಧಾನ

ಹಾಗಾದರೆ ಓದಿದವನು ಸಂಪಾದಿಸಬಾರದೇ? ಎಲ್ಲರೂ ಮನೆಯನ್ನು ಮಾರಬೇಕೇ? ಎಂದು ಗೃಹಸ್ಥನು ಕೇಳಬಹುದು. ಈ ಶಂಕೆಯು ನ್ಯಾಯವಾದುದೇ. ಶರಣರು ಭಿಕ್ಷಾವೃತ್ತಿಯನ್ನು ಮೆಚ್ಚಿದವರಲ್ಲ. ದುಡಿದು ಉಣ್ಣುವುದನ್ನೇ ಧರ್ಮವೆಂದರು. ಪದವಿ ಪಡೆದವನು ವೇತನವನ್ನು ತೆಗೆದುಕೊಳ್ಳುವುದೂ, ತಂದೆಯ ಸಾಲವನ್ನು ತೀರಿಸುವುದೂ, ಮನೆ ಕಟ್ಟುವುದೂ ಕಾಯಕದ ಫಲವೇ ಸರಿ. ದೋಷವಿರುವುದು ಸಂಪಾದನೆಯಲ್ಲಲ್ಲ, ವಿದ್ಯೆಯನ್ನೇ ಅಡವಿಟ್ಟು ಸತ್ಯವನ್ನು ಬಿಡುವಲ್ಲಿ. ರೋಗಿಗೆ ಬೇಡದ ಚಿಕಿತ್ಸೆಯನ್ನು ಹೇಳುವ ವೈದ್ಯನೂ, ಸಿಮೆಂಟನ್ನು ಕಡಮೆ ಮಾಡಿ ಸೇತುವೆ ಕಟ್ಟುವ ಇಂಜಿನಿಯರನೂ, ತರಗತಿಯಲ್ಲಿ ಹೇಳದುದನ್ನು ಮನೆಯಲ್ಲಿ ಹಣಕ್ಕೆ ಹೇಳುವ ಶಿಕ್ಷಕನೂ ಪ್ರಸಾದವನ್ನು ಮಾರಿದವರಾಗುವರು. ಅದೇ ವೈದ್ಯನು ವಾರಕ್ಕೆ ಅರ್ಧ ದಿನ ತನ್ನ ಹುಟ್ಟೂರಿನ ಬಡವರನ್ನು ನೋಡಿದರೆ, ಅದೇ ಇಂಜಿನಿಯರನು ತಾನು ಓದಿದ ಶಾಲೆಯ ಸೋರುವ ಮಾಡನ್ನು ನಿಂತು ದುರಸ್ತಿ ಮಾಡಿಸಿದರೆ, ಅವರ ಸಂಪಾದನೆಯೂ ಪ್ರಸಾದವೇ ಆಗುವುದು.

ಗೃಹಸ್ಥರು ಮಾಡಬೇಕಾದುದು

ಈ ಪಾಠವನ್ನು ಮನೆಯಲ್ಲಿ ಆಚರಿಸಲು ಹೆಚ್ಚಿನ ಸಂಭಾರಗಳು ಬೇಡ. ಮೊದಲನೆಯದಾಗಿ, ಗಂಡು ಹೆಣ್ಣೆಂಬ ಭೇದವನ್ನು ವಿದ್ಯೆಯ ಪಂಕ್ತಿಯಲ್ಲಿ ಮಾಡಬಾರದು. ಮೂವತ್ತಕ್ಕೂ ಮಿಗಿಲಾದ ಶರಣೆಯರ ವಚನಗಳು ಉಳಿದು ಬಂದಿರುವ ಧರ್ಮದಲ್ಲಿ ಮಗಳ ಓದನ್ನು ನಡುವೆ ನಿಲ್ಲಿಸಿ ಮದುವೆಯ ಮಾತೆತ್ತುವುದು ಪಂಕ್ತಿಭೇದವೇ ಆಗುವುದು. ಎರಡನೆಯದಾಗಿ, ಓದುವ ಮಕ್ಕಳಿಗೂ ಮನೆಯಲ್ಲಿ ಒಂದು ಕೈಗೆಲಸವು ನಿತ್ಯವಾಗಿ ಇರಬೇಕು. ದನಕ್ಕೆ ನೀರು ತೋರುವುದಾಗಲಿ, ತಾನುಂಡ ತಾಟನ್ನು ತೊಳೆಯುವುದಾಗಲಿ, ಅಜ್ಜಿಗೆ ಪತ್ರಿಕೆಯನ್ನು ಓದಿ ಹೇಳುವುದಾಗಲಿ ಅದು ಆಗಬಹುದು. ಮೂರನೆಯದಾಗಿ, ಸಂಜೆ ಶಾಲೆಯಿಂದ ಬಂದ ಮಗುವನ್ನು ‘ಎಷ್ಟು ಅಂಕ ಬಂದುವು’ ಎಂದು ಕೇಳಿ ಮುಗಿಸದೆ, ‘ತಮ್ಮಾ, ಇವತ್ತು ನಿನಗೆ ತಿಳಿದದ್ದನ್ನ ಯಾರಿಗೆ ಹೇಳಿಕೊಟ್ಟಿ?’ ‘ತಂಗೀ, ಪಕ್ಕದಾಗ ಕೂತವಳಿಗೆ ಲೆಕ್ಕ ತಿಳೀತೇನ?’ ಎಂದು ಕೇಳಬೇಕು. ಈ ಪ್ರಶ್ನೆಯನ್ನು ಹತ್ತು ವರ್ಷ ಕೇಳುತ್ತ ಬೆಳೆದ ಮಗುವಿಗೆ ದಾಸೋಹವೆಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ.

ಬಾಳಿನ ಅರ್ಥವೇನೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿ ಪಂಡಿತರು ಬಹು ಗ್ರಂಥಗಳನ್ನು ರಚಿಸಿರುವರು. ಶರಣರ ದಾರಿಯು ಸರಳವಾದುದು. ಪಡೆದುದನ್ನು ನೆನೆದು, ಪಡೆದುದರಿಂದ ತಿಳಿಯಾಗಿ, ತಿಳಿದುದನ್ನು ನೀಡಿ ಮುಗಿಸುವ ಬಾಳಿಗೆ ಬೇರೊಂದು ಅರ್ಥವನ್ನು ಹುಡುಕಬೇಕಾಗಿಲ್ಲ. ಅಂಥವನ ಕಾಯವನ್ನೇ ಅವರು ಪ್ರಸಾದಕಾಯವೆಂದರು. ಅನ್ನದಿಂದ ಬೆಳೆದ ಮೈಯೂ ಅಕ್ಷರದಿಂದ ಬೆಳೆದ ಬುದ್ಧಿಯೂ ಲೋಕದ ಹಸಿವಿಗೆ ಸಲ್ಲಲಿ. ಸದ್ಭಕ್ತರ ಮನೆಮನೆಯೂ ಒಂದೊಂದು ಪ್ರಸಾದನಿಲಯವಾಗಲಿ.